ಪರೀಕ್ಷೆಗೆಂದು ಬರೆದ ಹುಡುಗಿ

ಬೆಳಿಗ್ಗೆ ಸರಿಯಾಗಿ ನಡೆಯುವುದು ಮಧ್ಯಾಹ್ನದ ಹೊತ್ತಿಗೆ ನಿಲ್ಲುತ್ತದೆಂದರೆ ಕೆಟ್ಟಿರುವುದು ಕಂಪ್ಯೂಟರಲ್ಲ, ತಾನೇ ಏನೋ ಮಾಡಿಟ್ಟು ಮರೆತು ಬಂದಿದ್ದೇನೆ ಎಂದು ಬಸ್ಸು ಹುಮನಾಬಾದ್ ದಾಟುವಾಗಲೇ ಧನಶ್ರೀಗೆ ಅನ್ನಿಸತೊಡಗಿತ್ತು. ಬಸವಕಲ್ಯಾಣದ ಬಸವಣಪ್ಪನವರು ಫೋನಿನಲ್ಲಿ ಹೇಳಿದ್ದೂ ಅಷ್ಟೇ. "ಮುಂಜಾನಿ ಚೆಂದ ನಡೀತದ್ರಿ ಮೇಡಂ, ಊಟ ಮಾಡಿ ಬರೂದ್ರಾಗ ಹೆಪ್ಪುಗಟ್ಟಿ ಕುಂತಿರ್ತದ. ಬಂದ ಮಂದಿ ಮುಂದ ನನ್ನ ಮಾರಿ ಏನಾಗಬೇಕು?" ಆಕೆ ಕೆಲಸ ಮಾಡುವುದು ಶಂಕರಲಿಂಗನ ಕಚೇರಿಯಲ್ಲಿ. ಹುಮನಾಬಾದಿನ ಬಟ್ಟೆ ಅಂಗಡಿಯೊಂದರ ಮೇಲಿನ ಎರಡು ಕೋಣೆಗಳಲ್ಲಿ ಶಾಲೆಗಳಿಗೆ, ಗೋದಾಮುಗಳಿಗೆ, ಹೋದ ವರ್ಷದಿಂದ ಬಸವಣಪ್ಪನವರ ವಧುವರ ಕೇಂದ್ರಕ್ಕೆ ಪ್ರೋಗ್ರಾಮು ಬರೆದುಕೊಡುವ ಕಚೇರಿ ಅದು. ಬರೆಯುವವನು ಶಂಕರಲಿಂಗ, ಬರೆದದ್ದನ್ನು ಪರೀಕ್ಷಿಸುವವಳು ಇವಳು. ಒಂದೊಂದೇ ಗುಂಡಿ ಒತ್ತಿ ನೋಡುವುದು ಬೇಸರವೆಂದು, ತಾನಾಗಿ ಒತ್ತಿ ತಾನಾಗಿ ನೋಡಿ ಸರಿ-ತಪ್ಪು ಹೇಳುವ ಸಣ್ಣ ಸ್ಕ್ರಿಪ್ಟುಗಳನ್ನು ಬರೆಯುವುದನ್ನು ಪುಸ್ತಕ ಓದಿ ಕಲಿತಿದ್ದಳು. ಆ ಕೆಲಸ ಆಕೆಗೆ ಹಿಡಿಸಿತ್ತು. ಸ್ಕ್ರಿಪ್ಟು ಓಡುವಾಗ ಪಕ್ಕದಲ್ಲಿ ಯಾರೋ ಕೂತು ಕೆಲಸ ಮಾಡುತ್ತಿದ್ದಾರೆ ಎನ್ನಿಸುತ್ತಿತ್ತು. ಹೊರಗೆ ತೊಗರಿ ಕೊಯ್ದ ಹೊಲಗಳು ಕೂಳೆಯೊಂದಿಗೆ ಬೋಳಾಗಿ ಬಿದ್ದಿದ್ದವು. ರಾಜೇಶ್ವರದಲ್ಲಿ ಹತ್ತಿದ ಹೆಂಗಸೊಬ್ಬಳು ಮಗುವನ್ನು ಹೇಳದೆ ಕೇಳದೆ ಇವಳ ತೊಡೆಯ ಮೇಲೆ ಕೂರಿಸಿ ಸೀರೆ ಸರಿಮಾಡಿಕೊಂಡಳು. ಮಗು ಬೆಚ್ಚಗಿತ್ತು. ಮುಂದಿನ ನಿಲ್ದಾಣದಲ್ಲಿ ತಾಯಿ ಅದನ್ನು ಎತ್ತಿಕೊಂಡು ಇಳಿದ ಮೇಲೂ ತೊಡೆಯ ಮೇಲಿನ ಆ ಕಾವು ಸ್ವಲ್ಪ ಹೊತ್ತು ಉಳಿದಿತ್ತು. ಧನಶ್ರೀ ಅದರ ಮೇಲೆ ಕೈ ಇಟ್ಟುಕೊಂಡು ಕೂತಳು. ಆಮೇಲೆ ಯಾರಾದರೂ ನೋಡಿದರೇನೋ ಎಂದು ಕೈ ತೆಗೆದಳು.

ಕೇಂದ್ರವೆಂದರೆ ಬಸವಣಪ್ಪನವರ ಮನೆಯ ಮುಂದಿನ ಪಡಸಾಲೆ. ನಿವೃತ್ತ ಮಾಸ್ತರರು, ಇಸ್ತ್ರಿ ಮಾಡಿದ ಬಿಳಿಯ ಅಂಗಿ, ಹಣೆಯ ಮೇಲೆ ವಿಭೂತಿ. ಗೋಡೆಯ ತುಂಬ ಕೇಂದ್ರದಿಂದ ಕೂಡಿದ ಜೋಡಿಗಳ ಫೋಟೋಗಳು. ಕೇಂದ್ರ ಅವರ ಸಮಾಜದವರಿಗೆ ಮಾತ್ರ, ಹಾಗೆಂದು ಬಾಗಿಲ ಮೇಲಿನ ಫಲಕದಲ್ಲೇ ಬರೆದಿತ್ತು. ಮೊದಲ ಸಲ ಪ್ರೋಗ್ರಾಮು ಹಾಕಲು ಬಂದಾಗ ಅವರು ಹೆಸರು ಕೇಳಿ, ಊರು ಕೇಳಿ, "ದುಬಲಗುಂಡಿಯೊಳಗ ಯಾರ ಪೈಕಿ?" ಎಂದು ಕೇಳಿದ್ದರು. ಅಪ್ಪನ ಹೆಸರು ದೇವಿಂದ್ರಪ್ಪ, ಕುರಿ ಸಾಕಿದ್ದೇವೆ ಎಂದು ಹೇಳಿದಾಗ ಅವರು ಒಂದು ಕ್ಷಣ ತಡೆದು, "ಇರಲಿ ಇರಲಿ, ಕೆಲಸ ಬರ್ತದಲ್ಲ, ಸಾಕು" ಎಂದಿದ್ದರು. ಅದರಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಆದರೂ 'ಇರಲಿ' ಎಂಬ ಆ ಮಾತು ಆಮೇಲೆ ಪಾತ್ರೆ ತೊಳೆಯುವಾಗ, ತಲೆ ಬಾಚುವಾಗ ಆಕೆಯ ಕಿವಿಗೆ ಬೀಳುತ್ತಿತ್ತು. ಏನನ್ನು ಇರಲಿ ಎಂದರು? ಈ ದಿನ ಅವರು ಯಾಕೋ ಸಡಗರದಲ್ಲಿದ್ದರು. "ಲಗೂ ನೋಡ್ರಿ ಮೇಡಂ. ಇವತ್ತ ಮಧ್ಯಾಹ್ನ ಗಿರಾಕಿ ಬರೋರಿದಾರ. ಘಾಟಬೋರಾಳದವರು, ಭಾಳ ಛಲೋ ಮಂದಿ" ಎಂದು ಕುರ್ಚಿಗಳ ಧೂಳು ಒರೆಸುತ್ತಿದ್ದರು.

ಕಂಪ್ಯೂಟರಿನ ಮುಂದೆ ಕೂತ ಸ್ವಲ್ಪ ಹೊತ್ತಿಗೇ ಎಲ್ಲ ತಿಳಿಯಿತು. ಮೂರು ವಾರದ ಹಿಂದೆ ಬಂದಿದ್ದಾಗ, ಆಗೊಮ್ಮೆ ಈಗೊಮ್ಮೆ ಬರುವ ಒಂದು ತಪ್ಪನ್ನು ಹಿಡಿಯಲೆಂದು ಆಕೆ ತನ್ನ ಸ್ಕ್ರಿಪ್ಟನ್ನು ಇಲ್ಲಿಯೇ ಹಾಕಿ, ಗಂಟೆಗೊಮ್ಮೆ ತಾನಾಗಿ ಓಡುವಂತೆ ಇಟ್ಟಿದ್ದಳು. ಹೋಗುವಾಗ ತೆಗೆಯಬೇಕಿತ್ತು. ಬಸ್ಸಿಗೆ ಹೊತ್ತಾಯಿತೆಂದು ಎದ್ದು ಹೋಗಿದ್ದಳು. ಅದಕ್ಕಿಂತ ದೊಡ್ಡ ತಪ್ಪು, ಹುಮನಾಬಾದಿನಲ್ಲಿ ಪರೀಕ್ಷೆಗೆಂದೇ ಇಟ್ಟ ಸುಳ್ಳು ಮಾಹಿತಿಯ ಡೇಟಾಬೇಸಿಗೆ ಕನೆಕ್ಷನ್ ಮಾಡಬೇಕಾದ ಸ್ಕ್ರಿಪ್ಟು ಇಲ್ಲಿ ಬಸವಣಪ್ಪನವರ ನಿಜವಾದ ಡೇಟಾಬೇಸಿಗೇ ಮಾಡಿಕೊಂಡಿತ್ತು. ಸ್ಕ್ರಿಪ್ಟಿನ ಕೆಲಸ ಸರಳ: ಕನೆಕ್ಷನ್ ತೆರೆದು ಒಬ್ಬ ಸುಳ್ಳು ಹುಡುಗಿಯನ್ನು ನೋಂದಾಯಿಸುವುದು, ಆಕೆಗೆ ತಕ್ಕ ಗಂಡುಗಳನ್ನು ಹುಡುಕಿಸಿ ನೋಡುವುದು, ಕೊನೆಗೆ ಹುಡುಗಿಯನ್ನು ಅಳಿಸಿ ಕನೆಕ್ಷನ್ ಮುಚ್ಚುವುದು. ಎಲ್ಲ ಸರಿಯಾದರೆ ಕೊನೆಯ ಸಾಲು ಮುಟ್ಟುತ್ತದೆ. ನಡುವೆ ತಪ್ಪಿದರೆ ಅಳಿಸುವುದೂ ಇಲ್ಲ, ಮುಚ್ಚುವುದೂ ಇಲ್ಲ. ನಡುವೆ ತಪ್ಪಿದರೂ ಮುಚ್ಚಿಯೇ ಹೊರಗೆ ಬರಬೇಕೆಂದು ಬರೆಯುವುದು ಆಕೆಗೆ ಗೊತ್ತಿರಲಿಲ್ಲವೆಂದಲ್ಲ, ಆಮೇಲೆ ಬರೆದರಾಯಿತು ಎಂದುಕೊಂಡಿದ್ದಳು. ಮೊದಲ ಸಲವೇ ಹುಡುಕುವಲ್ಲಿ ತಪ್ಪಿ ನಿಂತಿತ್ತು. ಮುಂದಿನ ಗಂಟೆ ಮತ್ತೆ ಅದೇ ಹುಡುಗಿಯನ್ನು ಹಾಕಲು ಹೋಗಿ, ಆ ಫೋನ್ ನಂಬರಿನವಳು ಆಗಲೇ ಇದ್ದಾಳೆಂದು ಅಲ್ಲೇ ನಿಂತಿತ್ತು. ಪ್ರತಿ ಗಂಟೆ ಒಂದೊಂದು ಕನೆಕ್ಷನ್ ತೆರೆದು, ಹಿಡಿದುಕೊಂಡು, ಸುಮ್ಮನಾಗುತ್ತಿತ್ತು. ಈ ಡೇಟಾಬೇಸು ಒಟ್ಟಿಗೆ ಐದು ಕನೆಕ್ಷನ್ ಮಾತ್ರ ಕೊಡುತ್ತದೆ. ಮಧ್ಯಾಹ್ನದ ಹೊತ್ತಿಗೆ ಐದೂ ಆಕೆಯವೇ. ಬಸವಣಪ್ಪನವರು ಗುಂಡಿ ಒತ್ತಿ ಒತ್ತಿ ಬಾಗಿಲ ಹೊರಗೆ ನಿಂತಂತೆ ನಿಲ್ಲುತ್ತಿದ್ದರು. ಸಂಜೆ ಕಂಪ್ಯೂಟರ್ ಆರಿಸಿದಾಗ ಎಲ್ಲ ಕಳಚಿಬಿದ್ದು, ಬೆಳಿಗ್ಗೆ ಮತ್ತೆ ಚೆಂದ.

ಆಕೆ ಸ್ಕ್ರಿಪ್ಟನ್ನು ನಿಲ್ಲಿಸಿದಳು. ತೆರೆದುಕೊಂಡಿದ್ದ ಕನೆಕ್ಷನ್‌ಗಳನ್ನು ಒಂದೊಂದಾಗಿ ಕಡಿದಳು. ಆಮೇಲೆ ಸುಳ್ಳು ಹುಡುಗಿಯನ್ನು ಅಳಿಸಲೆಂದು ಆಕೆಯ ಪುಟ ತೆರೆದಳು. ಹೆಸರು ಮನೀಷಾ. ಹೆಸರು, ಸಮಾಜ, ಗೋತ್ರ ಕೇಂದ್ರಕ್ಕೆ ತಕ್ಕಂತೆ ಹಾಕಿದ್ದು. ಉಳಿದ ಎತ್ತರ, ವಯಸ್ಸು, ಜನ್ಮನಕ್ಷತ್ರ, ಓದು ಎಲ್ಲ ತನ್ನದೇ, ಕೂತು ಕಟ್ಟುವ ಬೇಸರಕ್ಕೆ. 'ಇತರ ವಿಷಯ' ಎಂಬ ಕಡೆ ಎಷ್ಟು ಉದ್ದ ಬರೆದರೆ ಹಿಡಿಯುತ್ತದೆಂದು ನೋಡಬೇಕಿತ್ತು. ಅಲ್ಲಿ ಉದ್ದವಾದ ಏನಾದರೊಂದು ಬೇಕಿತ್ತು. ಒಂದು ಭಾನುವಾರ, ಬಟ್ಟೆ ಅಂಗಡಿಯೂ ಮುಚ್ಚಿದ್ದಾಗ, ಖಾಲಿ ಕಚೇರಿಯಲ್ಲಿ ಕೂತು ಆಕೆ ಬರೆದಿದ್ದಳು: ನಾನು ಬಹಳ ಮಾತಾಡುವವಳಲ್ಲ, ಆದರೆ ಮಾತಾಡುವವರ ಹತ್ತಿರ ಕೂತಿರುವುದು ನನಗೆ ಸೇರುತ್ತದೆ. ಸಂಜೆ ಕತ್ತಲಿರುವ ಮನೆಯ ಬೀಗ ತೆಗೆಯುವುದೆಂದರೆ ನನಗೆ ಆಗದು. ಸಿಟ್ಟು ಬಂದರೆ ಪಾತ್ರೆ ತೊಳೆಯುತ್ತೇನೆ. ಯಾರಾದರೂ ನನ್ನ ಮಾತು ಮರೆಯದೆ ಎರಡು ದಿನ ಬಿಟ್ಟು ಅದನ್ನೇ ಕೇಳಿದರೆ ನನಗೆ ಅಳು ಬರುತ್ತದೆ. ಹೀಗೆ ಇನ್ನೂ ಎಷ್ಟೋ. ಬರೆದು ಮುಗಿಸಿ, ಅಷ್ಟೂ ಹಿಡಿಯಿತು ಎಂದು ಖುಷಿಪಟ್ಟಿದ್ದಳು. ಊರಲ್ಲಿ ತಮ್ಮ ಧರ್ಮೇಂದ್ರನ ಮದುವೆ ಆಗಿ ಮಗುವೂ ಆಗಿತ್ತು. ಇವಳನ್ನು ನೋಡಲು ಬಂದ ಕೊನೆಯವರು, ಹುಡುಗ ಹತ್ತನೆಯದು ಫೇಲು, ಹುಡುಗಿ ಇಷ್ಟು ಓದಿದರೆ ಹೇಗೆ ಎಂದು ಎದ್ದು ಹೋಗಿದ್ದರು. ಅವ್ವ ಜಿಜಾಬಾಯಿ ಆಮೇಲಿಂದ ಆ ಮಾತೇ ಎತ್ತುವುದಿಲ್ಲ. ಎತ್ತದಿರುವುದಕ್ಕೆ ಹುಮನಾಬಾದಿನ ಬಾಡಿಗೆ ಕೋಣೆಯಲ್ಲಿ ಆಕೆ ಕೃತಜ್ಞಳೂ ಆಗಿದ್ದಳು, ಅದೇ ಕಾರಣಕ್ಕೆ ಕೆಲವು ಭಾನುವಾರ ಊರಿಗೆ ಹೋಗುತ್ತಲೂ ಇರಲಿಲ್ಲ.

ಪುಟದ ಕೆಳಗಿನ ಸಾಲನ್ನು ಆಕೆ ಎರಡು ಸಲ ಓದಿದಳು. ಆ ಪುಟವನ್ನು ಮುದ್ರಿಸಿ ಕೊಡಲಾಗಿದೆ ಎಂದಿತ್ತು. ಯಾರಿಗೆ? ಓಂಪ್ರಕಾಶ, ಘಾಟಬೋರಾಳ.

"ಕಾಕಾ," ಎಂದಳು. ಅವರನ್ನು ಯಾವಾಗಲೂ ಸರ್ ಎನ್ನುತ್ತಿದ್ದವಳ ಬಾಯಿಂದ ಯಾಕೋ ಆ ಮಾತು ಬಂತು. "ಮನೀಷಾ ಅನ್ನೋ ಹುಡುಗಿ ಕಾಗದ ಯಾರಿಗರೆ ಕೊಟ್ಟೀರೇನ್ರಿ?"

"ಅವರಽ ಬರಾಕತ್ತಾರಲ್ಲ ಇವತ್ತ! ಹುಡುಗಗ ಭಾಳ ಪಸಂದ ಬಂದದ."

"ಆಕಿ ಇಲ್ರಿ."

"ಎಲ್ಲಿಲ್ಲ?"

"ಎಲ್ಲೂ ಇಲ್ರಿ. ಪ್ರೋಗ್ರಾಮು ಬರೋಬರಿ ನಡೀತದೋ ಇಲ್ಲೋ ನೋಡಾಕ ನಾ ಮಾಡಿದ್ದು. ಅಳಿಸಬೇಕಾಗಿತ್ತು, ಅಳಿಸಿಲ್ಲ. ತಪ್ಪು ನಂದು."

ಬಸವಣಪ್ಪನವರು ಕೈಯಲ್ಲಿದ್ದ ಬಟ್ಟೆಯನ್ನು ಮಡಿಚಿದರು, ಬಿಚ್ಚಿದರು, ಮತ್ತೆ ಮಡಿಚಿದರು. ಅವರು ಕೂಗಾಡುತ್ತಾರೆಂದು ಆಕೆ ಕಾದಿದ್ದಳು. ಅವರ ಮುಖದಲ್ಲಿ ಕಂಡದ್ದು ಭಯ. ಸಣ್ಣ ದನಿಯಲ್ಲಿ ಹೇಳಿದರು: "ನಾ ಹುಡುಗಿ ಅಪ್ಪನ ಜೋಡಿ ಮಾತಾಡೇನಿ ಅಂತ ಹೇಳೀನಲ್ಲ ತಂಗಿ." ಪುಟದಲ್ಲಿದ್ದ ನಂಬರಿಗೆ ಫೋನು ಹತ್ತಲಿಲ್ಲವಂತೆ. ಆ ಕಡೆಯವರು ಮೂರು ಸಲ ಕೇಳಿದರು, ಇನ್ನೊಮ್ಮೆ ಇಲ್ಲವೆನ್ನಲು ನಾಲಿಗೆ ಬರಲಿಲ್ಲ, ಮಾತಾಡಿದೆ, ನಿಮ್ಮ ಹುಡುಗನ ಫೋಟೋ ತೋರಿಸಿದೆ, ಬರ್ರಿ ಅಂದಾರ ಎಂದುಬಿಟ್ಟರಂತೆ. ಅಷ್ಟರಲ್ಲಿ ನಂಬರು ಹತ್ತಿಯೇ ಹತ್ತುತ್ತದೆಂದು ಅವರ ನಂಬಿಕೆ. ಮುಚ್ಚುವ ಸಾಲನ್ನು ಆಮೇಲೆ ಬರೆದರಾಯಿತು ಎಂದುಕೊಂಡವಳಿಗೆ ಅವರ ಮೇಲೆ ಸಿಟ್ಟಾಗುವ ಹಕ್ಕಿರಲಿಲ್ಲ. "ಇಲ್ಲದ ಹುಡುಗಿ ಅಪ್ಪನ ಜೋಡಿ ಮಾತಾಡಿದೆ ಅಂದ್ರ ನಾಳಿಂದ ಈ ಬಾಗಿಲಿಗೆ ಯಾರು ಬರ್ತಾರ? ಆಕಿಗಿ ಬ್ಯಾರೆ ಕಡಿ ಗಟ್ಟಿ ಆತು ಅಂತೀನಿ. ನೀ ಸುಮ್ಮ ಕೂಡು. ನಿನಗ ಕೈ ಮುಗೀತೀನಿ." ಅವರು ನಿಜವಾಗಿಯೂ ಕೈ ಎತ್ತುತ್ತಿದ್ದುದನ್ನು ನೋಡಲಾಗದೆ ಆಕೆ ಪರದೆಯ ಕಡೆ ತಿರುಗಿದಳು.

ಘಾಟಬೋರಾಳದವರು ಹೇಳಿದ ಹೊತ್ತಿಗಿಂತ ಮೊದಲೇ ಬಂದರು. ತಾಯಿ ರುಕ್ಮಿಣಿಬಾಯಿ, ಗುಂಡಗಿನ ನಗುಮುಖದ ಹೆಂಗಸು, ಹಸಿರು ಇಳಕಲ್ ಸೀರೆ. ಹಿಂದೆ ಮಗ. ನಲವತ್ತರ ಹತ್ತಿರದ ಎತ್ತರದ ಮನುಷ್ಯ, ಊರಲ್ಲಿ ಪೈಪು, ಮೋಟರು ಮಾರುವ ಅಂಗಡಿ. ತುಟಿಗಳ ಸುತ್ತ, ಕಣ್ಣಂಚಿನಲ್ಲಿ, ಎರಡೂ ಕೈಬೆರಳುಗಳ ಮೇಲೆ ಬಿಳಿಯ ಕಲೆಗಳು. ಆ ಕಲೆಗಳ ಕಡೆ ಜನ ಮೊದಲು ನೋಡಿ, ಆಮೇಲೆ ನೋಡದವರಂತೆ ಮಾಡುವುದು ಅವನಿಗೆ ರೂಢಿಯಾಗಿತ್ತೇನೋ, ಎಲ್ಲರೂ ನೋಡಿ ಮುಗಿಸಲೆಂದು ಬಾಗಿಲಲ್ಲೇ ಸ್ವಲ್ಪ ಹೊತ್ತು ನಿಂತ. ಧನಶ್ರೀಯೂ ನೋಡಿದಳು. ಆಮೇಲೆ ನೋಡದವಳಂತೆ ಮಾಡಿದಳು. ರುಕ್ಮಿಣಿಬಾಯಿ ಕೂರುವ ಮೊದಲೇ ಮಾತು ಶುರುಮಾಡಿದಳು. "ಮಾಸ್ತರ, ಹುಡುಗಿ ಸಿಟ್ಟು ಬಂದ್ರ ಭಾಂಡಿ ತೊಳೀತಾಳಂತ! ನಮ್ಮ ಮನ್ಯಾಗ ಸಿಟ್ಟು ಬರಸೋರು ಭಾಳ ಮಂದಿ ಅದಾರ, ಭಾಂಡಿ ಥಳಾ ಥಳಾ ಇರ್ತಾವ ನೋಡ್ರಿ!" ತನ್ನ ಮಾತಿಗೆ ತಾನೇ ನಕ್ಕಳು. ಆ ನಗು ಧನಶ್ರೀಯ ಬೆನ್ನ ಮೇಲೆ ಬಿದ್ದಂತಾಯಿತು. ಮಗನೂ ಸಣ್ಣಗೆ ನಕ್ಕ. "ಎಲ್ಲಾರದೂ ಗೃಹಕೃತ್ಯದಾಗ ನಿಪುಣಿ, ಸುಸ್ವಭಾವ ಅಂತ ಇರ್ತದ್ರಿ. ಇದೊಂದು ಓದಿದಾಗ ಒಬ್ಬ ಮನುಷ್ಯಾ ಮಾತಾಡಿದಂಗ ಆತು" ಎಂದು, ಹಾಗೆಂದದ್ದಕ್ಕೆ ನಾಚಿದಂತೆ, ಮೇಜಿನ ಮೇಲಿದ್ದ ನೀರಿನ ತಂಬಿಗೆಯನ್ನು ತನ್ನ ಹತ್ತಿರವಿದ್ದ ಲೋಟಕ್ಕೆ ಬಗ್ಗಿಸಿ, ಒಂದು ಲೋಟ ಧನಶ್ರೀಯ ಕಡೆಗೂ ಚಾಚಿದ. ಆಕೆಯ ಕೈ ಮುಂದೆ ಹೋಗಲಿಲ್ಲ. ಕೀಬೋರ್ಡಿನ ಮೇಲೆ ಏನೋ ಕೆಲಸವಿದ್ದಂತೆ ಬೆರಳಾಡಿಸಿ, "ಇಡ್ರಿ ಅಲ್ಲೆ" ಎಂದಳು. ಅವನು ಇಟ್ಟ. ಆಮೇಲೆ ಆ ಲೋಟವನ್ನು ಆಕೆ ಮುಟ್ಟಬೇಕೆಂದುಕೊಂಡಳು, ಎತ್ತಿ ಕುಡಿಯಬೇಕೆಂದುಕೊಂಡಳು. ಆದರೆ ಈಗ ಕುಡಿದರೆ ಅದು ಪ್ರಾಯಶ್ಚಿತ್ತದ ಹಾಗೆ ಕಾಣುತ್ತದೆ, ಅದು ಇನ್ನೂ ಕೀಳು ಎನ್ನಿಸಿ ಸುಮ್ಮನಿದ್ದಳು. ಕಲೆಗಳು ಅಂಟುವುದಿಲ್ಲವೆಂದು ಆಕೆಗೆ ಗೊತ್ತಿತ್ತು, ಕೈಗೆ ಗೊತ್ತಿರಲಿಲ್ಲ.

"ಏನ ಹೇಳ್ಲಿ ಬಾಯಾರ," ಬಸವಣಪ್ಪನವರು ನೆಲ ನೋಡುತ್ತ ಹೇಳಿದರು, "ಇವತ್ತ ಮುಂಜಾನಿ ಫೋನ್ ಬಂತು. ಆ ಹುಡುಗಿದು ಅವರ ಸೋದರಮಾವನ ಕಡಿ ಗಟ್ಟಿ ಆಗ್ಯದಂತ. ನಿಮಗ ತಿಳಿಸಬೇಕಂದ್ರ ನೀವು ಹೊಂಟುಬಿಟ್ಟಿದ್ರಿ."

ರುಕ್ಮಿಣಿಬಾಯಿಯ ಮುಖದ ನಗು ಕೂಡಲೇ ಹೋಗಲಿಲ್ಲ. ಹೋಗಬೇಕೆಂದು ಅದಕ್ಕೆ ಇನ್ನೂ ತಿಳಿಯದಂತೆ ಸ್ವಲ್ಪ ಹೊತ್ತು ಅಲ್ಲೇ ಇತ್ತು. ಓಂಪ್ರಕಾಶ ತಲೆ ಆಡಿಸಿದ. ಒಗ್ಗಿಹೋದ ಪಾಠ ಒಪ್ಪಿಸುವಾಗಿನ ಹಾಗೆ ಎಲ್ಲಿ ಉಸಿರು ಬಿಡಬೇಕೆಂದು ಅವನಿಗೆ ಗೊತ್ತಿತ್ತು. ಎದ್ದು ನಿಂತ ಮೇಲೆ ಒಂದೇ ಮಾತು ಕೇಳಿದ.

"ನನ್ನ ಫೋಟೋ ಆಕಿ ನೋಡಿದ್ದಳಲ್ರಿ?"

"ನೋಡ್ಯಾಳ, ನೋಡ್ಯಾಳ."

"ಹಂಗಿದ್ರ ಸರಿ."

ಅಷ್ಟೇ. ಬಾಗಿಲ ಹೊರಗೆ ತಾಯಿಯ ಚಪ್ಪಲಿಯನ್ನು ಕಾಲಿಗೆ ಸರಿಸಿಕೊಟ್ಟು, ಇಬ್ಬರೂ ಬಿಸಿಲಿನಲ್ಲಿ ನಡೆದುಹೋದರು. ನೋಡ್ಯಾಳ ಎಂಬ ಮಾತು ಪಡಸಾಲೆಯಲ್ಲಿ ಉಳಿಯಿತು. ನೋಡಿದ್ದು ತಾನೇ, ಈಗ, ಎರಡು ಮೊಳ ದೂರದಿಂದ. ಇಲ್ಲದ ಹುಡುಗಿಯ ಹೆಸರಿನಲ್ಲಿ ಬೇಡವೆಂದದ್ದೂ ತಾನೇ ಎಂದು ಧನಶ್ರೀಗೆ ಅನ್ನಿಸಿತು. ಮನೀಷಾಳ ಪುಟ ತೆರೆದೇ ಇತ್ತು. ಅಳಿಸು ಎಂದಳು. ಖಂಡಿತವೇ ಎಂದು ಪ್ರೋಗ್ರಾಮು ಕೇಳಿತು. ಆ ಪ್ರಶ್ನೆ ಕೇಳಲೇಬೇಕೆಂದು ಶಂಕರಲಿಂಗನೊಡನೆ ವಾದಿಸಿ ಹಾಕಿಸಿದವಳು ಆಕೆಯೇ. ಹೌದೆಂದಳು. ಬಸವಣಪ್ಪನವರು "ಊಟ ಮಾಡಿ ಹೋಗು ತಂಗಿ" ಎಂದರು. ಎಷ್ಟೋ ಸಲ ಬಂದಿದ್ದರೂ ಅವರು ಊಟಕ್ಕೆ ಕರೆದದ್ದು ಇದೇ ಮೊದಲು. ಹಸಿವಿಲ್ಲವೆಂದು ಚೀಲ ಎತ್ತಿಕೊಂಡಳು.

ಹುಮನಾಬಾದಿನ ಬಸ್ಸು ತುಂಬಿತ್ತು. ಹಿಂದಿನ ಮೂರು ಜನರ ಸೀಟಿನಲ್ಲಿ ಒಂದೇ ಜಾಗ ಉಳಿದಿತ್ತು, ರುಕ್ಮಿಣಿಬಾಯಿಯ ಪಕ್ಕ. ಕಿಟಕಿಯ ಹತ್ತಿರ ಓಂಪ್ರಕಾಶ. ಧನಶ್ರೀ ನಿಂತೇ ಹೋಗುತ್ತಿದ್ದಳು, ಆದರೆ "ಕಂಪ್ಯೂಟರ್ ಬಾಯಿ ಅಲ್ಲೇನು? ಬಾ ಅವ್ವಾ, ಕೂಡು" ಎಂದು ಆ ಹೆಂಗಸು ಕೈ ಹಿಡಿದು ಎಳೆದೇ ಕೂರಿಸಿದಳು. ಹಿಡಿದ ಕೈ ಬಿಡಲಿಲ್ಲ. ದೊಡ್ಡ, ಒರಟು, ಬೆಚ್ಚಗಿನ ಕೈ. ಊರಿನ ಬೇಸಿಗೆ, ಮಾಸ್ತರರ ಮನೆಯ ಗೋಡೆಯ ಫೋಟೋಗಳು ಎಲ್ಲದರ ಬಗ್ಗೆ ಮಾತಾಡಿದಳು. ಮಗನ ಬಗ್ಗೆ ಮಾತ್ರ ಇಲ್ಲ. ರಸ್ತೆ ಏರುವಲ್ಲಿ ಮಾತು ನಿಲ್ಲಿಸಿ, ಸೆರಗಿನ ತುದಿಯಿಂದ ಮೂಗು ಒರೆಸಿಕೊಂಡು, "ಹುಡುಗಿ ಛಲೋ ಬರದಿದ್ದಳು. ಪುಣ್ಯವಂತಿ, ಎಲ್ಲೇ ಇರಲಿ" ಎಂದಳು. ಧನಶ್ರೀಗೆ ಬಸವಣಪ್ಪನವರ ಎತ್ತಿದ ಕೈಗಳು ನೆನಪಾದವು. ಹೇಳಿದರೆ ಅವರ ಬಾಗಿಲು ಮುಚ್ಚಬಹುದು, ಶಂಕರಲಿಂಗನಿಗೆ ಗೊತ್ತಾದರೆ ತನ್ನ ಕೆಲಸವೂ ಹೋಗಬಹುದು. ಹೇಳದಿದ್ದರೆ ಕಿಟಕಿಯ ಹತ್ತಿರ ಕೂತವನು ಇನ್ನೊಬ್ಬಳು ತನ್ನ ಮುಖ ನೋಡಿ ಬೇಡವೆಂದಳೆಂದುಕೊಂಡು ಮನೆಗೆ ಹೋಗುತ್ತಾನೆ. ಅಂಗಡಿ ತೆರೆಯುತ್ತಾನೆ, ಪೈಪು ಅಳೆಯುತ್ತಾನೆ.

"ಅವ್ವಾರ," ಎಂದಳು. ದನಿ ಬಸ್ಸಿನ ಸದ್ದಿಗಿಂತ ಮೇಲೆ ಏಳಲಿಲ್ಲ. ಮತ್ತೊಮ್ಮೆ ಹೇಳಿದಳು. "ಆಕಿ ಯಾರೂ ಇಲ್ರಿ. ಯಾರೂ ಫೋಟೋ ನೋಡಿಲ್ಲ, ಯಾರೂ ಬ್ಯಾಡ ಅಂದಿಲ್ಲ. ಪ್ರೋಗ್ರಾಮು ಟೆಸ್ಟ್ ಮಾಡಾಕ ನಾ ಸುಳ್ಳು ಹುಡುಗಿ ಬರದಿದ್ದೆ. ತಗೀಬೇಕಾಗಿತ್ತು, ಮರತೆ. ಅದು ನಿಮ್ಮ ಕೈಗಿ ಬಂತು."

ಓಂಪ್ರಕಾಶ ಕಿಟಕಿಯಿಂದ ತಿರುಗಿದ. ಮೊದಲ ಸಲ ನೇರವಾಗಿ ನೋಡಿದ. ಬೈಯುತ್ತಾನೆ ಎಂದುಕೊಂಡಳು, ಬೈದರೆ ಒಳ್ಳೆಯದು ಎಂದೂ ಅಂದುಕೊಂಡಳು. ಅವನು ಮೆಲ್ಲಗೆ ಕೇಳಿದ್ದು, "ಹಂಗಾದ್ರ ಆ ಮಾತು? ಬೀಗದ್ದು, ಭಾಂಡಿದು? ಅವು ಎಲ್ಲಿಂದ ಬಂದುವ್ರಿ?"

"ಜಾಗಾ ಉದ್ದ ಇತ್ತು," ಎಂದಳು. ಆಮೇಲೆ, "ಅವು ನನ್ನವ್ರಿ."

ರುಕ್ಮಿಣಿಬಾಯಿ ಮಗನನ್ನು ನೋಡಿದಳು, ಇವಳನ್ನು ನೋಡಿದಳು, ಇವಳ ಬೋಳು ಕೊರಳನ್ನು, ಕಾಲುಂಗುರವಿಲ್ಲದ ಕಾಲನ್ನು ನೋಡಿದಳು. ಆಕೆಯ ಮುಖದಲ್ಲಿ ಏನೋ ಮೆಲ್ಲನೆ ಬೆಳಗುತ್ತ ಬಂತು. ಧನಶ್ರೀಯ ಕೈಯನ್ನು ಎರಡೂ ಕೈಗಳಿಂದ ಒತ್ತಿ, ತೀರ ಹತ್ತಿರ ಬಗ್ಗಿ, ಗುಟ್ಟಿನ ಹಾಗೆ ಕೇಳಿದಳು: "ನೀ ಯಾರ ಪೈಕಿ ಅವ್ವಾ?"

ಸುಳ್ಳು ಹೇಳುವುದು ಎಷ್ಟು ಸುಲಭವಿತ್ತು! ಗೋತ್ರವೂ ಗೊತ್ತಿತ್ತು, ತಾನೇ ತುಂಬಿದ್ದು. "ದುಬಲಗುಂಡಿ ದೇವಿಂದ್ರಪ್ಪನ ಮಗಳ್ರಿ. ಕುರಿ ಅದಾವ ನಮ್ಮವು."

ಕೈ ಕೂಡಲೇ ಬಿಡಲಿಲ್ಲ. ಅದೇ ಕಷ್ಟವಾದದ್ದು. ಬಿಡುವುದು ತಪ್ಪೆಂದು ಆ ಹೆಂಗಸಿಗೂ ತಿಳಿದಿತ್ತು, ಆದ್ದರಿಂದ ಸ್ವಲ್ಪ ಹೊತ್ತು ಹಿಡಿದೇ ಇದ್ದು, ಸೆರಗು ಸರಿಮಾಡಿಕೊಳ್ಳುವ ನೆವದಿಂದ ತೆಗೆದುಕೊಂಡಳು. "ಕುರಿ ಹಾಲು ಛಲೋ ಇರ್ತದ" ಎಂದಳು. ಆಮೇಲೆ ರಾಜೇಶ್ವರ ಬಂದು ಹೋಗುವವರೆಗೂ ಮುಂದಿನ ಸೀಟಿನ ಕಂಬಿ ಹಿಡಿದು ಕೂತಳು. ಆ ಕೈಯ ಮೇಲೆ ಧನಶ್ರೀಗೆ ಸಿಟ್ಟು ಬರಲಿಲ್ಲ. ನೀರಿನ ಲೋಟಕ್ಕೆ ಮುಂದೆ ಚಾಚದ ತನ್ನ ಕೈ ಮಡಿಲಲ್ಲೇ ಬಿದ್ದಿತ್ತು.

ಹುಮನಾಬಾದಿನ ನಿಲ್ದಾಣದಲ್ಲಿ ಇಳಿದ ಮೇಲೆ ರುಕ್ಮಿಣಿಬಾಯಿ ಘಾಟಬೋರಾಳದ ಬಸ್ಸು ಯಾವಾಗ ಎಂದು ಕೇಳಲು ಹೋದಳು. ಓಂಪ್ರಕಾಶ ಚೀಲ ಹಿಡಿದು ನಿಂತ. ಕಂಬದ ನೆರಳು ಇಬ್ಬರ ನಡುವೆ ಬಿದ್ದಿತ್ತು.

"ಮಾಸ್ತರಿಗೆ ನಮಗ ಗೊತ್ತಾಗ್ಯದಂತ ಹೇಳಬ್ಯಾಡ್ರಿ," ಎಂದ. "ವಯಸ್ಸಾದ ಮನುಷ್ಯಾ. ತಲಿ ಕೆಳಗ ಹಾಕ್ತಾರ."

"ಹೂಂ."

"ನಮ್ಮವ್ವಂದು..." ಎಂದು ಶುರುಮಾಡಿ ಬಿಟ್ಟ. ಆಮೇಲೆ ನಕ್ಕ. ಬಿಳಿಯ ಕಲೆಗಳು ತುಟಿಯೊಂದಿಗೆ ಅಗಲವಾದವು, ಆಕೆ ಈಗ ಕಣ್ಣು ತೆಗೆಯಲಿಲ್ಲ. "ಬ್ಯಾಡ ಅಂದವರೊಳಗ ಒಬ್ಬಾಕಿ ಕಡಿಮಿ ಆದಳು ನೋಡ್ರಿ. ಇದೂ ಏನ್ ಕಡಿಮಿ ಅಲ್ಲ."

ಆಕೆಗೂ ನಗು ಬಂತು. ನಗುತ್ತಿರುವಾಗಲೇ ನೀರಿನ ಲೋಟದ ಬಗ್ಗೆ ಹೇಳಬೇಕೆನ್ನಿಸಿತು, ಕ್ಷಮಿಸಿರಿ ಎನ್ನಬೇಕೆನ್ನಿಸಿತು. ಅವನು ಅದನ್ನು ಗಮನಿಸಿಯೇ ಇರಲಿಲ್ಲವೇನೋ. ಗಮನಿಸಿದ್ದರೆ, ಇಂಥ ಎಷ್ಟೋ ಲೋಟಗಳಲ್ಲಿ ಅದೂ ಒಂದು. ಹೇಳಿದರೆ ಅದನ್ನು ಅವನ ಕೈಗೆ ಮತ್ತೊಮ್ಮೆ ಕೊಟ್ಟಂತೆ. ಅವಳು ಮಾತು ಹುಡುಕುತ್ತಿರುವಾಗಲೇ ತಾಯಿ ಆ ಕಡೆಯಿಂದ ಕೂಗಿದಳು, "ಓಮ್ಯಾ, ಬಾ ಲಗೂ, ಬಿಟ್ಟೇ ಬಿಟ್ರು!" ಅವನು ಓಡಿದ.

ಬಸ್ಸು ಹಿಂದಕ್ಕೆ ಸರಿದು ತಿರುಗಿತು. ಕಿಟಕಿಯಲ್ಲಿ ಅವನು ಕಂಡ. ಕಂಬಿಯ ಹತ್ತಿರ ಮುಖ ತಂದು ಅವಳ ಕಡೆ ಏನೋ ಕೇಳಿದ. ಎಂಜಿನ್ನಿನ ಸದ್ದು, ಕಂಡಕ್ಟರನ ಸೀಟಿ, ಕಡಲೆ ಮಾರುವವನ ಕೂಗು, ಒಂದು ಅಕ್ಷರವೂ ಕೇಳಿಸಲಿಲ್ಲ. ಅದು ಪ್ರಶ್ನೆ ಎಂಬುದು ಮಾತ್ರ ಅವನ ಹುಬ್ಬಿನಿಂದ ಗೊತ್ತಾಯಿತು. ಏನು ಅಂದ್ರಿ ಎಂದು ಕೂಗಬಹುದಿತ್ತು, ನಾಲ್ಕು ಹೆಜ್ಜೆ ಓಡಬಹುದಿತ್ತು. ಪಕ್ಕದಲ್ಲಿ ಕೂತಿದ್ದ ರುಕ್ಮಿಣಿಬಾಯಿಯೂ ಇವಳ ಕಡೆಯೇ ನೋಡುತ್ತಿದ್ದಳು. ಧನಶ್ರೀ ಹೌದೆಂದು ತಲೆಯಾಡಿಸಿದಳು. ಅವನಿಗೆ ಕಾಣಲಿ ಎಂದು ಇನ್ನೊಮ್ಮೆ, ಜೋರಾಗಿ ಆಡಿಸಿದಳು. ಅವನು ನೋಡಿದ, ಕೈ ಎತ್ತಿದ. ಬಸ್ಸು ಹೊರಳಿ ಹೋಯಿತು. ಧೂಳು ಇಳಿಯುವವರೆಗೂ ಅಲ್ಲೇ ನಿಂತಿದ್ದು, ಯಾವುದಕ್ಕೆ ಒಪ್ಪಿದೆನೆಂದು ತಿಳಿಯದೆ, ಆಕೆ ಕಚೇರಿಯ ಕಡೆಗೆ ನಡೆದಳು.